ಇಪ್ಪತ್ತೆರಡು ಚಂದ್ರಿಕೆಗಳ ಕ್ರಿಸ್‌ಮಸ್

ನನ್ನ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದು ಟೆಸ್ಟರ್ ಯಾವಾಗಲೂ ಇರುತ್ತವೆ. ಪೆನ್ನುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ ನಾನು. ಪೆನ್ನು ಇಲ್ಲದಿದ್ದರೆ ಕೇಳಬೇಕು. ಆದರೆ ಟೆಸ್ಟರ್ ಕಂಡವರಿಗೆ ಸುಮ್ಮನಿರಲು ಆಗುವುದಿಲ್ಲ. ಹೋದ ವಾರ ಅರ್ಜಿ ಕೊಡಲು ಬಂದಿದ್ದ ಹಿರಿಯರೊಬ್ಬರು ನನ್ನ ಜೇಬನ್ನೇ ದಿಟ್ಟಿಸಿ ನೋಡಿ, "ಯಾಕ್ ಸಾಮಿ, ನಮ್ ಅರ್ಜೀಲಿ ಜೀವ ಐತೋ ಇಲ್ವೋ ನೋಡಕ್ಕಾ?" ಎಂದರು. ಇಡೀ ಸೆಕ್ಷನ್ನು ನಕ್ಕಿತು. ನಾನೂ ನಕ್ಕೆ. ಅವರ ಬಾಯಿಂದ ಇನ್ನೊಂದು ಮಾತು ಬರುವ ಮೊದಲೇ ಆ ಅರ್ಜಿಯನ್ನು ವಿಲೇವಾರಿ ಮಾಡಿ ಕಳಿಸಿದೆ.

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ, ನನಗೆ ಬಲ್ಬಿನ ಹುಚ್ಚು. ಮದುವೆಗೆ ಹೋದರೆ ಎಲ್ಲರೂ ಹೆಣ್ಣುಗಂಡಿನ ಮುಖ ನೋಡುತ್ತಾರೆ. ನಾನು ಚಪ್ಪರದ ಸೀರಿಯಲ್ ಸೆಟ್ಟಿನಲ್ಲಿ ಯಾವ ಬಲ್ಬು ಹೋಗಿದೆ ಎಂದು ನೋಡುತ್ತೇನೆ. ನನ್ನ ಹೆಂಡತಿ ಸುಜಾತ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಇದನ್ನು ಹಸಿವು ಎನ್ನುತ್ತೇನೆ. ಒಂದೇ ಬಲ್ಬಿನ ಮನೆಯಲ್ಲಿ ಬೆಳೆದವನಿಗೆ ಮಾತ್ರ ಆ ಹಸಿವು ಗೊತ್ತು.

ನಮ್ಮೂರು ದಿಬ್ಬೂರಹಳ್ಳಿಯಿಂದ ಸ್ವಲ್ಪ ಒಳಗೆ. ನಮ್ಮ ಮನೆಗೆ ಕರೆಂಟು ಬಂದಾಗ ನಾನು ಮೂರನೇ ಕ್ಲಾಸು. ಭಾಗ್ಯಜ್ಯೋತಿ ಬಲ್ಬು, ಮನೆಗೆ ಒಂದೇ ಒಂದು. ನಮಗೋ ಎರಡು ಕೋಣೆ. ಅಪ್ಪ ಎರಡು ದಿನ ಯೋಚನೆ ಮಾಡಿ, ಮೂರನೇ ದಿನ ನಡುಗೋಡೆಗೆ ಒಂದು ತೂತು ಕೊರೆದು ಬಲ್ಬನ್ನು ಅದರೊಳಗೆ ಕೂರಿಸಿದ. ಅರ್ಧ ಬಲ್ಬು ಆ ಕಡೆಗೆ, ಅರ್ಧ ಬಲ್ಬು ಈ ಕಡೆಗೆ. ಈ ಕಡೆ ನಾವು, ಆ ಕಡೆ ರೇಷ್ಮೆ ಹುಳು. ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದರೆ ಗೋಡೆಯಾಚೆ ಸಾವಿರಾರು ಬಾಯಿ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಯಾರೋ ಹಳೇ ಪೇಪರನ್ನು ಮೆಲ್ಲಗೆ, ಮುಗಿಯದ ಹಾಗೆ ಹರಿಯುತ್ತಿರುವ ಸದ್ದು ಅದು. ಇವತ್ತಿಗೂ ಆ ಸದ್ದಿಲ್ಲದೆ ನನಗೆ ಹದಿನಾರರ ಮಗ್ಗಿ ಬರುವುದಿಲ್ಲ.

ಬಲ್ಬು ಯಾರದು ಎನ್ನುವ ಜಗಳ ಬಂದರೆ ಗೆಲ್ಲುವುದು ಹುಳುಗಳೇ. ಹುಳು ಹಣ್ಣಾಯಿತೆಂದರೆ, ಅಂದರೆ ಮೇವು ಬಿಟ್ಟು, ಮೈ ಹಳದಿ ತಿರುಗಿ, ಗೂಡು ಕಟ್ಟಲು ತಲೆ ಎತ್ತಿ ಜಾಗ ಹುಡುಕತೊಡಗಿದವೆಂದರೆ, ಬಲ್ಬು ಆರಿಸಲೇಬೇಕು. ಬೆಳಕು ಬಿದ್ದರೆ ಅವು ಕತ್ತಲಿರುವ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಗೂಡು ಹಾಳು. ನನ್ನ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಹಿಂದಿನ ದಿನವೇ ಅವು ಹಣ್ಣಾದವು. ಸಮಾಜ ವಿಜ್ಞಾನದಲ್ಲಿ ನನಗೆ ಮೂವತ್ತೈದು ಬಂದದ್ದು ಹೀಗೆ. ಈ ಕಾರಣವನ್ನು ಬರೆದುಕೊಡಿ ಎಂದರೆ ಯಾವ ಮೇಷ್ಟ್ರೂ ಒಪ್ಪಲಿಲ್ಲ.

ಅದೇ ನಾನು ಡಿಗ್ರಿ ಮಾಡಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ. ಮೂರು ವರ್ಷದ ಬಿ.ಎಸ್ಸಿ.ಯನ್ನು ಚಿಕ್ಕಬಳ್ಳಾಪುರದಲ್ಲಿ ಆರು ವರ್ಷ ಮಾಡಿದೆ. ನಡುವೆ ಗಾರೆ ಕೆಲಸಕ್ಕೆ ಹೋದೆ, ಮೂಟೆ ಹೊತ್ತೆ, ಭೌತಶಾಸ್ತ್ರವನ್ನು ಮೂರು ಸಲ ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದ ಮೇಷ್ಟ್ರು, "ಸರಣಿ ಜೋಡಣೆಯಲ್ಲಿ ಒಂದು ಬಲ್ಬು ಹೋದರೆ ಏನಾಗುತ್ತೆ?" ಎಂದು ಕೇಳಿದರು. "ಪಕ್ಕದ ಮನೆಯಿಂದ ಕೇಳ್ಕೊಂಡು ಬರ್ತೀವಿ ಸಾರ್" ಎಂದೆ. ಅವರು ನಗಲಿಲ್ಲ. ಅದು ಮೊದಲನೇ ಸಲ ಬರೆದಾಗ. ಮೂರನೇ ಸಲ ಸರಿಯಾದ ಉತ್ತರ ಹೇಳಿದೆ.

ಆದ್ದರಿಂದ ನಾನು ಊರಿನಲ್ಲೇ ಮನೆ ಕಟ್ಟಿಸಿದಾಗ ಎರಡು ಕೆಲಸ ಮಾಡಿದೆ. ಒಂದು, ಐವತ್ತೆಂಟು ಸ್ವಿಚ್ಚು ಇಡಿಸಿದೆ. ಏಳು ಸ್ವಿಚ್ಚು ಯಾವುದಕ್ಕೆ ಎಂದು ನನಗೂ ಗೊತ್ತಿಲ್ಲ. ಇನ್ನೊಂದು, ಬಾಗಿಲ ಪಕ್ಕದ ಗ್ರಾನೈಟಿನಲ್ಲಿ "ಕೆ. ಎನ್. ಮೂರ್ತಿ, ಬಿ.ಎಸ್ಸಿ." ಎಂದು ಕೆತ್ತಿಸಿದೆ. ಕೆತ್ತುವವನು, "ಸಾರ್, ಬಿ.ಎಸ್ಸಿ. ದೊಡ್ಡದಾಗೋಯ್ತು, ಹೆಸ್ರು ಚಿಕ್ಕದಾಗೋಯ್ತು" ಎಂದು ಪೇಚಾಡಿದ. "ಇರ್ಲಿ ಬಿಡಪ್ಪ. ಹೆಸ್ರು ನಮ್ಮಪ್ಪ ಸುಮ್ನೆ ಇಟ್ಟಿದ್ದು. ಡಿಗ್ರಿ ನಾನು ಒದ್ದಾಡಿ ತಗೊಂಡಿದ್ದು" ಎಂದೆ.

ಇಲ್ಲಿ ನನ್ನ ಅಕ್ಕ ನಾರಾಯಣಮ್ಮನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನ್ನ ಮನೆಯ ಹಿಂದೆಯೇ ಅವಳ ಮನೆ, ಅದಕ್ಕೆ ಅಂಟಿಕೊಂಡೇ ಹುಳುಮನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೊಪ್ಪು ಕೊಯ್ಯಲು ಹೋದವಳು ಅವಳು; ನನ್ನ ಪುಸ್ತಕಗಳೆಲ್ಲ ಆ ಸೊಪ್ಪಿನಿಂದಲೇ ಬಂದವು. ಇದನ್ನು ಅವಳು ಒಂದು ದಿನವೂ ಆಡಿ ತೋರಿಸಿಲ್ಲ. ಆಡಿ ತೋರಿಸಲು ಅವಳಿಗೆ ಬೇರೆ ಎಷ್ಟೋ ವಿಷಯಗಳಿವೆ.

ನನ್ನ ಮಹಡಿ ಮನೆಗೆ ಬಾಡಿಗೆಗೆ ಬಂದವರು ಸ್ಟೆಲ್ಲಾ ಮಿಸ್. ಗೌರಿಬಿದನೂರಿನವರು, ಇಲ್ಲಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾರೆ. ಮೆಲು ಮಾತಿನ ಹೆಣ್ಣುಮಗಳು. ಹೋದ ವರ್ಷ ಡಿಸೆಂಬರಿನಲ್ಲಿ ಒಂದು ಸಂಜೆ ಕೆಳಗಿಳಿದು ಬಂದು, "ಸಾರ್, ಈ ಸಲ ಕ್ರಿಸ್‌ಮಸ್‌ಗೆ ನಮ್ಮನೆಯವ್ರೆಲ್ಲ ಇಲ್ಲಿಗೇ ಬರ್ತಾ ಇದಾರೆ. ಬಾಲ್ಕನೀಲಿ ಒಂದು ಸ್ಟಾರ್ ನೇತಾಕ್ಕೊಳ್ಲಾ? ಒಂದೇ ಬಲ್ಬು ಸಾರ್, ಕರೆಂಟ್ ಜಾಸ್ತಿ ಎಳೆಯಲ್ಲ" ಎಂದು ಕೇಳಿದರು.

ಒಂದೇ ಬಲ್ಬು! ನನ್ನ ಮನೆಯಲ್ಲಿ! ಆ ಗೋಡೆಯ ತೂತು ಕಣ್ಣ ಮುಂದೆ ಬಂತು.

"ಒಂದ್ಯಾಕೆ ಮಿಸ್?" ಎಂದೆ. "ನೀವು ಸ್ಟಾರ್ ಹಾಕ್ಕೊಳ್ಳಿ. ಮಿಕ್ಕಿದ್ದು ನನಗೆ ಬಿಡಿ."

"ಮಿಕ್ಕಿದ್ದು ಅಂದ್ರೆ ಏನ್ ಸಾರ್?" ಮಿಸ್ ಗಾಬರಿಯಾದರು.

"ಇನ್ನೇನು," ಎಂದಳು ಒಳಗಿನಿಂದ ಸುಜಾತ, "ಶುರುವಾಯ್ತು."

ಊರಿನಲ್ಲಿ ಸುದ್ದಿ ಹಬ್ಬಿತು. ನಮ್ಮ ನಡುಮನೆಯಲ್ಲಿ ಇರುವುದು ಬುದ್ಧನ ಫೋಟೊ. ಹಾಲಿನ ಡೇರಿಯ ಹತ್ತಿರ ಒಬ್ಬರು, "ಏನಪ್ಪ ಮೂರ್ತಿ, ಬುದ್ಧ ಬಿಟ್ಟು ಯೇಸು ಕಡೆ ಹೋದ್ಯಂತೆ?" ಎಂದರು. "ಎಲ್ಲೂ ಹೋಗಿಲ್ಲಣ್ಣ, ಲೈಟ್ ಹಾಕ್ತಾ ಇದೀನಿ ಅಷ್ಟೇ" ಎಂದೆ. "ಹಂಗಾದ್ರೆ ಬುದ್ಧನಿಗೆ ಯಾಕ್ ಹಾಕಿಲ್ಲ?" ಎಂದರು. ಬುದ್ಧ ಕೇಳಲಿಲ್ಲ, ಮಿಸ್ ಕೇಳಿದರು.

ಚಿಂತಾಮಣಿಗೆ ಹೋಗಿ ಸೀರಿಯಲ್ ಸೆಟ್ಟು ತಂದೆ. ಎರಡು ಸಾವಿರದ ಇನ್ನೂರು ಬಲ್ಬು, ಎಂಟು ಥರ ಮಿನುಗುವಂಥದ್ದು, ಜೊತೆಗೆ ಪೀಂ ಪೀಂ ಎಂದು ಹಾಡುವ ಒಂದು ಡಬ್ಬಿ, ಹೇಳಿದ ಸಮಯಕ್ಕೆ ತಾನಾಗಿ ಹೊತ್ತಿಕೊಳ್ಳುವ ಟೈಮರು. ಅಂಗಡಿಯವನು ಯಾವ ಕಲ್ಯಾಣ ಮಂಟಪ ಎಂದು ಕೇಳಿದ. ತಂದದ್ದೇನೋ ಆಯಿತು, ಕಟ್ಟುವುದು ಯಾವುದಕ್ಕೆ? ಗೋಡೆಗೆ ಮೊಳೆ ಹೊಡೆದರೆ ಸುಜಾತ ನನಗೆ ಹೊಡೆಯುತ್ತಾಳೆ. ಹೀಗೆ ಯೋಚಿಸುತ್ತ ಹಿತ್ತಿಲಿಗೆ ಹೋದೆ. ಅಲ್ಲಿ ಹುಳುಮನೆಯ ಪಕ್ಕ ಅಕ್ಕನ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು.

ಚಂದ್ರಿಕೆ ನೋಡಿಲ್ಲದವರಿಗೆ ಹೇಳುತ್ತೇನೆ. ಬಾಗಿಲಷ್ಟು ದೊಡ್ಡ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಜಿಲೇಬಿಯ ಹಾಗೆ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ಹಣ್ಣಾದ ಹುಳುವನ್ನು ಇದರ ಮೇಲೆ ಬಿಟ್ಟರೆ ಆ ಸುತ್ತುಗಳ ಸಂದಿಯಲ್ಲಿ ಗೂಡು ಕಟ್ಟುತ್ತದೆ. ನಮ್ಮ ಕಡೆ ಬಾಯಲ್ಲಿ ಅದು ಚಂದ್ರಂಕಿ. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಅವತ್ತು ನನಗೆ ಅದರಲ್ಲಿ ಗೂಡು ಕಾಣಲಿಲ್ಲ. ಬೆಳಕಿನ ಜಿಲೇಬಿ ಕಂಡಿತು. ಇಪ್ಪತ್ತೆರಡು ಜಿಲೇಬಿ!

ಅಕ್ಕ ಸೊಪ್ಪು ಹಾಕುತ್ತಿದ್ದಳು. ಬಾಗಿಲಲ್ಲೇ ನಿಂತು ಕೇಳಿದೆ.

"ಚಂದ್ರಂಕೀನಾ? ನಿನಗ್ಯಾಕೆ? ನೀನೇನ್ ಗೂಡು ಕಟ್ತೀಯಾ?"

"ಲೈಟ್ ಕಟ್ಟಕ್ಕಕ್ಕ. ಟೀಚರಮ್ಮನ ಹಬ್ಬಕ್ಕೆ."

ಅಕ್ಕ ಸೊಪ್ಪು ಕೆಳಗಿಟ್ಟಳು. "ನೋಡು ಮೂರ್ತಿ, ಹೋದ ಬೆಳೆ ಪೂರ್ತಿ ಹಾಲು ರೋಗ ಬಂದು ಗುಂಡೀಗೆ ಸುರಿದಿದ್ದೀನಿ. ಗೊತ್ತು ತಾನೆ? ಈ ಬೆಳೇನೂ ಕೈ ಕೊಟ್ರೆ ತೋಟ ಕಿತ್ತಾಕಿ ರಾಗಿ ಬಿತ್ತಿಬಿಡ್ತೀನಿ. ಆಮೇಲೆ ಹುಳೂನೂ ಇಲ್ಲ, ಸೊಪ್ಪೂ ಇಲ್ಲ. ಹತ್ತು ವರ್ಷದ ಹುಡುಗಿಯಿಂದ ಇದನ್ನೇ ಮಾಡಿದ್ದೀನಿ ಕಣೋ, ಸೋತು ಬಿಟ್ಟೋಳು ಅನ್ನಿಸ್ಕೊಂಡು ಬಿಡೋದು ನಂಗಿಷ್ಟ ಇಲ್ಲ."

"ಹುಳು ಯಾವಾಗ ಹಣ್ಣಾಗುತ್ತೆ?"

"ನಾಲ್ಕನೇ ಜ್ವರ ಎದ್ದಿವೆ. ಈ ಚಳೀಗೆ ಇಪ್ಪತ್ತಾರನೇ ತಾರೀಕು ಆಗುತ್ತೆ."

ಹುಳು ಪೊರೆ ಬಿಡಲು ಅಲ್ಲಾಡದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಪಾಸಾದ ಹಾಗೆ, ಇನ್ನು ಹೊಟ್ಟೆ ತುಂಬ ತಿಂದು ಗೂಡು ಕಟ್ಟುವುದೊಂದೇ ಬಾಕಿ. ನಾನು ಲೆಕ್ಕ ಹಾಕಿದೆ. ಹಬ್ಬದ ದೀಪ ಇಪ್ಪತ್ನಾಲ್ಕರ ಸಂಜೆ ಏಳಕ್ಕೆ. ಇಪ್ಪತ್ತೈದಕ್ಕೆ ಬಿಚ್ಚಿ ಕೊಟ್ಟರೆ ಒಂದು ದಿನ ಮಿಗುತ್ತದೆ.

"ಇಪ್ಪತ್ತೈದು ಸಾಯಂಕಾಲ ನನ್ನ ಇಪ್ಪತ್ತೆರಡು ಚಂದ್ರಂಕಿ ಇಲ್ಲಿರ್ಬೇಕು. ಒಂದ್ ಕಡಿಮೆಯಾದ್ರೂ ನಿನ್ ಬೆನ್ ಮೇಲೆ ಹುಳು ಬಿಡ್ತೀನಿ" ಎಂದು ಅಕ್ಕ ಒಪ್ಪಿದಳು.

ಉಪಕಾರಕ್ಕೆ ಪ್ರತಿ ಉಪಕಾರ ಮಾಡಬೇಕಲ್ಲವೇ. ಹುಳುಮನೆಯಲ್ಲಿ ಥಂಡಿ ಇತ್ತು. ಮನೆ ಕಟ್ಟುವಾಗ ಉಳಿದಿದ್ದ ಇನ್ನೂರು ವ್ಯಾಟಿನ ನಾಲ್ಕು ಹಳೇ ಬಲ್ಬುಗಳನ್ನು ತಂದು ಅಲ್ಲಿ ಹಾಕಿದೆ. "ಬೆಳಕಿಗಲ್ಲಕ್ಕ, ಬಿಸಿಗೆ. ಇದು ಸೈನ್ಸು. ಬೆಚ್ಚಗಿದ್ರೆ ಹುಳು ಚೆನ್ನಾಗಿ ತಿನ್ನುತ್ತೆ" ಎಂದೆ. ಹುಳು ಚೆನ್ನಾಗಿಯೇ ತಿಂದವು. ಅಕ್ಕ ಮೊದಲ ಸಲ ನನ್ನ ಬಿ.ಎಸ್ಸಿ. ಬಗ್ಗೆ ಒಳ್ಳೆ ಮಾತಾಡಿದಳು. ಅಷ್ಟಕ್ಕೆ ನಿಲ್ಲಿಸಿಕೊಂಡು ಮುಂದಿನ ಲೆಕ್ಕವನ್ನು ನಾನು ಮಾಡಲಿಲ್ಲ. ಬೆಚ್ಚಗಿದ್ದು ಚೆನ್ನಾಗಿ ತಿಂದ ಹುಳು ಏನು ಮಾಡುತ್ತದೆ ಎಂದು ನೀವಾದರೂ ಯೋಚಿಸಿ. ಆಗ ಯೋಚಿಸುವವರು ಯಾರೂ ಇರಲಿಲ್ಲ.

ಐದು ಸಂಜೆ ಕೆಲಸ ಹಿಡಿಯಿತು. ಪ್ರತಿ ಚಂದ್ರಿಕೆಯ ಸುತ್ತಿನ ಮೇಲೂ ನೂರು ಬಲ್ಬಿನ ಸರ ಹೊಲಿದೆ. ಹೊಲಿದೆ ಎಂದರೆ ನಿಜವಾಗಿ ದಬ್ಬಳದಲ್ಲಿ ಹೊಲಿದೆ, ಮಿಸ್ ದಾರ ಪೋಣಿಸಿ ಕೊಟ್ಟರು. ಒಂದರ ವೈರನ್ನು ಇನ್ನೊಂದಕ್ಕೆ ಜೋಡಿಸಿ, ಟೇಪು ಸುತ್ತಿ, ಮನೆಯ ಮುಖವೇ ಕಾಣದ ಹಾಗೆ ನೆಲದಿಂದ ಮಹಡಿಯವರೆಗೆ ಕಟ್ಟಿದೆ. ಗ್ರಾನೈಟಿನ ಬಿ.ಎಸ್ಸಿ. ಕೂಡ ಮುಚ್ಚಿಹೋಯಿತು. ತ್ಯಾಗವಿಲ್ಲದೆ ಕಲೆ ಇಲ್ಲ.

ಪರೀಕ್ಷೆಗೆ ಸ್ವಿಚ್ ಹಾಕಿದರೆ ಏಳನೇ ಚಂದ್ರಿಕೆ ಹೊತ್ತಲಿಲ್ಲ. ನಾನು ಆಫೀಸಿನ ಲಕೋಟೆಯ ಹಿಂದೆ ಸರ್ಕ್ಯೂಟು ಬರೆದು, ಟೆಸ್ಟರ್ ಹಿಡಿದು, ಏಣಿಯ ಮೇಲೆ ಒಂದು ಗಂಟೆ ನಿಂತೆ. ಅಕ್ಕ ಸೊಪ್ಪಿನ ಕುಕ್ಕೆ ಹೊತ್ತು ಆ ದಾರಿಯಲ್ಲೇ ಬಂದವಳು, ಕುಕ್ಕೆ ಇಳಿಸಿ, ಏಣಿ ಹತ್ತಿ, ಸರದ ಮೇಲೆ ಬೆರಳಾಡಿಸಿ, "ಇದು ಸತ್ತೈತೆ" ಎಂದು ಒಂದು ಬಲ್ಬು ಕಿತ್ತು ನನ್ನ ಕೈಗಿಟ್ಟಳು. ಬೇರೆ ಹಾಕಿದೆ, ಹೊತ್ತಿತು.

"ಹೆಂಗ್ ಗೊತ್ತಾಯ್ತಕ್ಕ?"

"ಇಪ್ಪತ್ತು ಸಾವಿರ ಹುಳದಾಗೆ ರೋಗದ್ದು ಯಾವ್ದು ಅಂತ ಆರಿಸಿ ಬಿಸಾಕೋಳಿಗೆ, ನೂರರಾಗೆ ಒಂದ್ ಬಲ್ಬು ಯಾವ್ ಲೆಕ್ಕ? ಮಕ ಕಪ್ಪಗಾಗಿತ್ತು. ನೀನು ಪೇಪರ್ ನೋಡ್ತಿದ್ದೆ, ನಾನು ಬಲ್ಬು ನೋಡ್ದೆ."

ಮಿಸ್ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು.

ಇಪ್ಪತ್ನಾಲ್ಕು ಬಂತು. ಆಫೀಸಿನವರಿಗೆಲ್ಲ ಏಳು ಗಂಟೆಗೆ ಬನ್ನಿ ಎಂದು ಹೇಳಿದ್ದೆ. ಟೈಮರಿಗೆ ಏಳು ಗಂಟೆ ಕೊಟ್ಟು, ಊರ ಮಕ್ಕಳು ಮುಟ್ಟಬಾರದೆಂದು ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ಗಂಟೆಗೆ ಮಿಸ್ ಮನೆಯವರು ಗೌರಿಬಿದನೂರಿನಿಂದ ಇಳಿದರು. ಅವರ ತಾಯಿ ಮೇರಿಯಮ್ಮ ನೇರಳೆ ಬಣ್ಣದ ರೇಷ್ಮೆ ಸೀರೆಯಲ್ಲಿ, ಜೊತೆಗೆ ಅಕ್ಕತಂಗಿಯರು, ಭಾವ, ಅತ್ತೆ, ಎಲ್ಲ ಸೇರಿ ಎಂಟು ಜನ. ಎಲ್ಲರದೂ ಹೊಸ ಬಟ್ಟೆ. ಕಾಫಿ ಲೋಟ ಕೈಗೆ ಕೊಡುತ್ತಿದ್ದೆ, ಹಿತ್ತಿಲಿನಿಂದ ಅಕ್ಕ ಬಂದಳು. ಅಂಗೈಯಲ್ಲಿ ಒಂದು ಹುಳು. ಹಳದಿ, ದ್ರಾಕ್ಷಿಯ ಹಾಗೆ ಒಳಗೆಲ್ಲ ಕಾಣುವಂಥದ್ದು. ತಲೆ ಎತ್ತಿ ಆಕಾಶ ಹುಡುಕುತ್ತಿತ್ತು.

"ಹಣ್ಣಾಗ್ಬಿಟ್ವು ಕಣೋ."

"ಇಪ್ಪತ್ತಾರು ಅಂದಿದ್ದಲ್ಲಕ್ಕ!"

"ನಾನಂದಿದ್ದು ಚಳೀಗೆ. ನೀನು ಬೆಂಕಿ ಇಟ್ಟಂಗೆ ಬಲ್ಬು ಇಟ್ಟಿದೀಯಲ್ಲ. ಎರಡ್ ದಿನ ಮುಂಚೇನೇ ಓಡಿ ಬಂದವೆ. ಒಂದೆರಡಲ್ಲ, ಅಷ್ಟೂ!"

ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಚಂದ್ರಿಕೆ ಸಿಗದಿದ್ದರೆ ಸೊಪ್ಪಿನ ಕಡ್ಡಿ, ಹಿಕ್ಕೆಯ ನಡುವೆಯೇ ನೂಲು ಬಿಟ್ಟು ಮುಗಿಸುತ್ತದೆ. ಆ ಗೂಡನ್ನು ಯಾರೂ ಕೊಳ್ಳುವುದಿಲ್ಲ. ಕತ್ತಲಾಗುವ ಮೊದಲು ಇಪ್ಪತ್ತು ಸಾವಿರ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಆರಿಸುವ ಹೆಂಗಸರೆಲ್ಲ ಪೆರೇಸಂದ್ರದ ಕಡೆ ಹೂ ಕೀಳಲು ಹೋಗಿದ್ದರು. ಚಂದ್ರಿಕೆಗಳು ನನ್ನ ಮನೆಗೆ ಮುಖವಾಡವಾಗಿ ನಿಂತಿದ್ದವು.

ಆಗ ನಾನು ಆಡಿದ ಮಾತನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ. "ಅಕ್ಕ, ಹನ್ನೊಂದು ತಗೋ. ಹನ್ನೊಂದು ಏಳು ಗಂಟೆವರ್ಗೂ ಇರ್ಲಿ. ಬರೀ ಒಂದ್ ಹತ್ತು ನಿಮಿಷ ಹಾಕಿ ತೋರಿಸ್ತೀನಿ" ಎಂದೆ.

ಅಕ್ಕ ಹುಳುವಿದ್ದ ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡು ನಿಂತಳು. ಅವಳ ಬೆರಳ ಸಂದಿಯಿಂದ ನೂಲಿನ ಎಳೆಯೊಂದು ಆಗಲೇ ಹೊರಗೆ ಬಂದಿತ್ತು.

ನಾನು ಇಕ್ಕಳ ತರಲು ಓಡಿದೆ.

ಗೋಡೆಯ ಕಟ್ಟುಗಳನ್ನೇನೋ ಕತ್ತರಿಸಿದೆ. ಆದರೆ ಬಲ್ಬಿನ ಸರ ಬಿಚ್ಚಲು ಐದು ಸಂಜೆ ಬೇಕು. "ಇರ್ಲಿ ಬಿಡೋ, ಹುಳೂಗೆ ವೈರೇನು, ಬಿದಿರೇನು" ಎಂದಳು ಅಕ್ಕ. ಇನ್ನೊಂದು ತೊಂದರೆ ಆಮೇಲೆ ಗೊತ್ತಾಯಿತು. ಇಪ್ಪತ್ತೆರಡು ಚಂದ್ರಿಕೆಗಳೂ ಒಂದಕ್ಕೊಂದು ವೈರಿನಲ್ಲಿ ಗಂಟು ಬಿದ್ದಿದ್ದವು, ರೈಲು ಬೋಗಿಗಳ ಹಾಗೆ. ಒಂದನ್ನು ಇಳಿಸಿದರೆ ಇನ್ನೊಂದು ಹಿಂದೆಯೇ ಬರುತ್ತಿತ್ತು. ಮಿಸ್ ಭಾವ ಎಂಜಿನ್ನು, ನಾನು ಗಾರ್ಡು, ನಡುವೆ ಹೊಸ ಬಟ್ಟೆಯ ನೆಂಟರೆಲ್ಲ ಒಂದೊಂದು ಬೋಗಿ ಹಿಡಿದು, ಮೆಟ್ಟಿಲಿಳಿದು, ಅಂಗಳದಲ್ಲಿ ಒಂದು ಸುತ್ತು ಬಂದೆವು. ಸುಜಾತ ಬಾಗಿಲಲ್ಲಿ ನಿಂತು, "ಎಲ್ಲಿ ಹೋಗುತ್ತಪ್ಪ ಈ ಗಾಡಿ?" ಎಂದಳು.

"ನಿಮ್ಮನ್ನೆಲ್ಲ ಕರೆಸಿ ಹಿಂಗೆ ಮಾಡ್ದಂಗಾಯ್ತಲ್ಲ" ಎಂದು ಮಿಸ್ ತಾಯಿಯ ಕಡೆ ನೋಡಿದರು. ಮೇರಿಯಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಹಬ್ಬದ ದಿನ ಒಂದ್ ಮನೆ ಬೆಳೆ ಹಾಳಾಗಕ್ಕೆ ಬಿಟ್ಟು ಕೇಕ್ ತಿನ್ನಕ್ಕಾಗುತ್ತಾ? ಎಲ್ಲಮ್ಮ ಹುಳ? ಕಚ್ಚಲ್ಲ ತಾನೆ?"

"ಕಚ್ಚಲ್ಲಮ್ಮ, ಉಚ್ಚೆ ಹುಯ್ತವೆ ಅಷ್ಟೇ" ಎಂದಳು ಅಕ್ಕ.

ಹಾಗೆಯೇ ಆಯಿತು. ಗೂಡು ಕಟ್ಟುವ ಮೊದಲು ಹುಳು ಕೊನೆಯ ಸಲ ನೀರು ಬಿಡುತ್ತದೆ. ಗೌರಿಬಿದನೂರಿನ ಒಂದು ಹೊಸ ಬಟ್ಟೆಯೂ ಉಳಿಯಲಿಲ್ಲ. ಮೇರಿಯಮ್ಮ ತಮ್ಮ ರೇಷ್ಮೆ ಸೀರೆಯ ಮೇಲಿನ ಕಲೆ ನೋಡಿ, "ಕೊಟ್ಟೋರೇ ವಾಪಸ್ ತಗೊಂಡ್ರು ಬಿಡಿ" ಎಂದರು. ಸುಮ್ಮನೆ ಕೂತು ಕೆಲಸ ಮಾಡಿ ಅಭ್ಯಾಸವಿಲ್ಲದ ಆ ಕುಟುಂಬ ಹಾಡು ಶುರು ಮಾಡಿತು. ದೇವರು ಕೊಟ್ಟಿಗೆಯಲ್ಲಿ ಹುಟ್ಟಿದ ಹಾಡು. ಅಕ್ಕ ಸ್ವಲ್ಪ ಹೊತ್ತು ಕೇಳಿ, "ಹಾಡು ಚೆನ್ನಾಗೈತೆ. ಆದ್ರೆ ಹಿಂಗೆ ಎಳೆದೆಳೆದು ಹಾಡಬ್ಯಾಡ್ರಮ್ಮ, ಕೈ ನಿಧಾನ ಆಗ್ತವೆ. ಜೋರಾಗಿರೋದು ಯಾವ್ದಾದ್ರೂ ಐತಾ?" ಎಂದಳು. ಚಪ್ಪಾಳೆ ತಟ್ಟುವಂಥ ಹಾಡು ಬಂತು. ಹುಳು ಬೇಗ ಬೇಗ ಚಂದ್ರಿಕೆ ಸೇರಿದವು.

ತುಂಬಿದ ಚಂದ್ರಿಕೆಗಳನ್ನು ಅಂಗಳದ ಕಾಂಪೌಂಡಿಗೆ ಒರಗಿಸುತ್ತ ಬಂದೆವು. ಕತ್ತಲಾಯಿತು. ಮೊಬೈಲಿಗೆ ಬಟ್ಟೆ ಸುತ್ತಿ ಮಬ್ಬು ಬೆಳಕು ಮಾಡಿಕೊಂಡೆವು. ಹದಿನೈದು ಚಂದ್ರಿಕೆ ಮುಗಿದಿತ್ತು. ಬಾಲ್ಕನಿಯಲ್ಲಿ ಮಿಸ್ ಅವರ ನಕ್ಷತ್ರ ಉರಿಯುತ್ತಿತ್ತು. "ಅದನ್ನೂ ಆರಿಸ್ಲಾ?" ಎಂದು ಮಿಸ್ ಕೇಳಿದರು. ಅಕ್ಕ ತಲೆಯೆತ್ತಿ ನೋಡಿ, "ಬ್ಯಾಡ ಟೀಚರಮ್ಮ, ಅದು ಮೇಲೈತೆ, ಇಲ್ಲೀಗಂಟ ಬರಲ್ಲ. ಹಬ್ಬ ನಿಮ್ದು, ಇರ್ಲಿ" ಎಂದಳು. ಮಿಸ್ ಮೊದಲ ದಿನ ಕೇಳಿದ್ದು ಅಷ್ಟನ್ನೇ ಎಂದು ನನಗೆ ಆಗ ನೆನಪಾಯಿತು. ನೆನಪಾಗಬೇಕಾದ ಇನ್ನೊಂದು ಸಂಗತಿ ಮಾತ್ರ ನೆನಪಾಗಲಿಲ್ಲ.

ಏಳು ಗಂಟೆಯಾಯಿತು.

ಕೊನೆಯ ಬೋಗಿಯ ವೈರು ಇನ್ನೂ ಬೀಗ ಹಾಕಿದ ಪೆಟ್ಟಿಗೆಯೊಳಗೇ ಇತ್ತು. ಟೈಮರು ಒಂದು ಸೆಕೆಂಡು ಆಚೀಚೆಯಾಗಲಿಲ್ಲ. ಇಪ್ಪತ್ತೆರಡು ಜಿಲೇಬಿಗಳೂ ಒಮ್ಮೆಲೇ ಹೊತ್ತಿಕೊಂಡವು. ಕೆಂಪು, ಹಸಿರು, ನೀಲಿ. ಓಡಿದವು, ಕುಣಿದವು, ಮಿನುಗಿದವು. ಪೀಂ ಪೀಂ ಡಬ್ಬಿ ಹಾಡಿತು. ಆ ಬೆಳಕಿನ ನಡುವೆ ಸಾವಿರಾರು ಹುಳುಗಳು ಏಕಕಾಲಕ್ಕೆ ತಲೆಯೆತ್ತಿ, ಇದೇನು ಬಂತಪ್ಪ ಎಂದು ಹಿಂದು ಮುಂದು ನೋಡಿ, ಚಂದ್ರಿಕೆಯ ಅಂಚಿನ ಕಡೆಗೆ ಮೆರವಣಿಗೆ ಹೊರಟವು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಆಫೀಸಿನವರು ಗೇಟಿನ ಹತ್ತಿರ ಗಾಡಿ ನಿಲ್ಲಿಸಿದರು. ಒಂದು ಕ್ಷಣ ಬಾಯಿ ಬಿಟ್ಟು ನೋಡಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

"ಅಬ್ಬಾ ಮೂರ್ತಿ ಸಾರ್! ಹುಳ ಹರಿದಾಡ್ದಂಗೇ ಕಾಣುತ್ತಲ್ಲ! ಎಲ್ಲಿ ಸಿಕ್ತು ಸಾರ್ ಈ ಸೆಟ್ಟು?"

"ಆರ್ಸೋ!" ಅಕ್ಕನ ಕೂಗು ದಿಬ್ಬೂರಹಳ್ಳಿಯವರೆಗೂ ಕೇಳಿರಬೇಕು. "ಆರ್ಸೋ ಮುಂಡೇದೆ!"

ಪೆಟ್ಟಿಗೆಗೆ ಬೀಗ. ಬೀಗದ ಕೈ ಹಳೇ ಪ್ಯಾಂಟಿನಲ್ಲಿ. ಪ್ಯಾಂಟು ಎಲ್ಲಿ? ನಾನು ಒಳಗೆ ಓಡಿ ಒಂದೊಂದೇ ಸ್ವಿಚ್ಚು ಒತ್ತಲು ಶುರು ಮಾಡಿದೆ. ಐವತ್ತೆಂಟು ಸ್ವಿಚ್ಚು! ಫ್ಯಾನು ತಿರುಗಿತು, ಮಿಕ್ಸಿ ಗುರ್ ಎಂದಿತು, ಗೀಸರಿನ ಕೆಂಪು ದೀಪ ಬಂತು. ಆಗ ಇಡೀ ಮನೆ ಕತ್ತಲಾಯಿತು. ಸುಜಾತ ಮೇನ್ ಸ್ವಿಚ್ಚಿನ ಕೆಳಗೆ ನಿಂತಿದ್ದಳು. "ಐವತ್ತೊಂಬತ್ತನೇದು ಒಂದಿದೆ. ಗೊತ್ತಿತ್ತಾ?" ಎಂದಳು.

ಕತ್ತಲಲ್ಲಿ ಎಲ್ಲರೂ ಇದ್ದಲ್ಲೇ ನಿಂತೆವು. ಅಕ್ಕ ಚಂದ್ರಿಕೆಯಿಂದ ಚಂದ್ರಿಕೆಗೆ ಬಗ್ಗಿ, ಅಂಚಿಗೆ ಬಂದವನ್ನು ಬೆರಳಲ್ಲಿ ಎತ್ತಿ ಎತ್ತಿ ಒಳಕ್ಕೆ ಬಿಡುತ್ತ ಹೋದಳು. ಕೊನೆಯದನ್ನು ನೋಡಿ ಸೊಂಟ ನೇರ ಮಾಡಿ, "ಕೂತ್ಕೊಂಡ್ವು" ಎಂದಳು. ಆಮೇಲೆ ಗೇಟಿನ ಹತ್ತಿರ ಕೈ ಕಟ್ಟಿ ನಿಂತಿದ್ದ ಒಂಬತ್ತು ಜನ ಸರ್ಕಾರಿ ನೌಕರರ ಕಡೆ ತಿರುಗಿ, "ಅಲ್ಯಾಕೆ ನಿಂತಿದೀರಪ್ಪ? ಬರ್ರಿ ಒಳಗೆ. ಇನ್ನೂ ಏಳು ಚಂದ್ರಂಕಿ ಬಾಕಿ ಐತೆ" ಎಂದಳು.

ನಮ್ಮ ಸೂಪರಿಂಟೆಂಡೆಂಟರು ಹುಳು ಆರಿಸಿದರು. ಎರಡೂ ಕೈಯಲ್ಲಿ ಆರಿಸಿದರು. ಆಫೀಸಿನಲ್ಲಿ ಅವರ ಕೈ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಇದುವರೆಗೂ ಕಂಡಿಲ್ಲ. ಎಂಟು ಗಂಟೆಗೆಲ್ಲ ಕೆಲಸ ಮುಗಿಯಿತು. ಸೊಪ್ಪಿನ ವಾಸನೆಯ ಕೈಯಲ್ಲೇ ಎಲ್ಲರೂ ಮೇರಿಯಮ್ಮನ ಕೇಕು ತಿಂದು, ಸುಜಾತ ಮಾಡಿದ ಕೋಳಿ ಸಾರು ಮುದ್ದೆ ಉಂಡು ಹೊರಟರು. ಹೋಗುವಾಗ ಒಬ್ಬರೂ ನನ್ನ ಲೈಟಿನ ಬಗ್ಗೆ ಕೇಳಲಿಲ್ಲ. "ಗೂಡು ಹೆಂಗ್ ಬಂತು ಅಂತ ಫೋನ್ ಮಾಡಿ" ಎಂದು ಮಾತ್ರ ಎಲ್ಲರೂ ಅಕ್ಕನಿಗೆ ಹೇಳಿದರು.

ಗೂಡು ಚೆನ್ನಾಗಿ ಬಂತು. ಅಕ್ಕ ಈಚೆಗೆ ತೆಗೆದ ಬೆಳೆಗಳಲ್ಲೇ ಅದು ಒಳ್ಳೆಯದು. ಒಂದು ಮೂವತ್ತು ಹುಳು ಮಾತ್ರ ನನ್ನ ಬಲ್ಬುಗಳನ್ನು ಒಳಗೆ ಸೇರಿಸಿಕೊಂಡೇ ಗೂಡು ಕಟ್ಟಿದ್ದವು. ಅವನ್ನು ಬೇರೆ ತೆಗೆದು, "ತಗೋ ನಿನ್ ಪಾಲು" ಎಂದು ಅಕ್ಕ ನನ್ನ ಟೇಬಲ್ಲಿನ ಮೇಲೆ ಸುರಿದು ಹೋದಳು. ತೋಟ ಕೀಳುವ ಮಾತು, ರಾಗಿ ಬಿತ್ತುವ ಮಾತು ಮತ್ತೆ ಅವಳ ಬಾಯಿಂದ ಬರಲಿಲ್ಲ.

ಈ ವರ್ಷ ನಾನು ಬುದ್ಧಿ ಕಲಿತು ಸುಮ್ಮನಿದ್ದೆ. ಮೊನ್ನೆ ಆಫೀಸಿನಿಂದ ಬಂದರೆ ಅಕ್ಕ ನಮ್ಮ ನಡುಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಲ್ಲಿ ಮುಂದಿನಿಂದ ಹಿಂದಕ್ಕೆ ದಿನ ಎಣಿಸುತ್ತಿದ್ದಳು. ಮರಿ ಹುಳು ಯಾವ ದಿನ ತರಬೇಕು ಎನ್ನುವ ಲೆಕ್ಕ.

"ಈ ಸಲ ಹೋದ್ಸಲದ ಎರಡರಷ್ಟು ಹಾಕ್ತೀನಿ ಕಣೋ. ಕರೆಕ್ಟಾಗಿ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಹಣ್ಣಾಗ್ಬೇಕು."

"ಇಪ್ಪತ್ನಾಲ್ಕಕ್ಕಾ? ಅವತ್ತು ಮಿಸ್ ಮನೆಯವ್ರು, ನಮ್ ಆಫೀಸ್ನವ್ರು ಎಲ್ಲ ಬರ್ತಾರಲ್ಲಕ್ಕ?"

"ಅದಕ್ಕೇ" ಎಂದಳು. "ಎರಡು ಕೈ ಇರೋ ಹದಿನೇಳು ಜನಾನ ನಾನು ಎಲ್ಲಿಂದ ತರ್ಲಿ? ಟೀಚರಮ್ಮನ ಚರ್ಚ್‌ನವ್ರನ್ನೂ ಕರಿ. ಹಾಡೋರು ಜಾಸ್ತಿ ಇರ್ಲಿ."

ಈಗ ನಾನು ಆಹ್ವಾನ ಪತ್ರ ಬರೆಯುತ್ತ ಕೂತಿದ್ದೇನೆ. 'ಭವ್ಯ ದೀಪಾಲಂಕಾರ, ಸಂಜೆ ಏಳು ಗಂಟೆಗೆ' ಎಂದು ಬರೆದು ಓದಿ ಹೇಳಿದೆ. ಅಕ್ಕ ತಲೆಯಾಡಿಸಿದಳು.

"ಮೂರು ಗಂಟೆಗೆ ಅಂತ ಬರಿ."

"ಮೂರು ಗಂಟೆಗೆ ಆ ಬಿಸಿಲಲ್ಲಿ ಯಾವ್ ಲೈಟ್ ಕಾಣುತ್ತಕ್ಕ? ಯಾರಾದ್ರೂ ಬರ್ತಾರಾ?"

"ನೀನು ಲೈಟು ಅಂತ ಬರಿ. ಬರ್ತಾರೆ," ಎಂದಳು ಅಕ್ಕ. "ಬಂದ್ಮೇಲೆ ಗೇಟ್ ಹಾಕೋದು ನನ್ ಕೆಲಸ."